ಫ್ರೆಂಚ್ ಸ್ತ್ರೀನಾಮಗಳು: ಮೂಲ ಮತ್ತು ಅರ್ಥ

ಫ್ರಾನ್ಸಿನಲ್ಲಿ ಹೆಣ್ಣುಮಕ್ಕಳಿಗೆ ಇಡುವ ಹೆಸರುಗಳು ಒಂದೇ ಭಾಷೆಯಿಂದ ಬಂದವಲ್ಲ. ಗಾಲರ ಕೆಲ್ಟಿಕ್ ನುಡಿ, ರೋಮನರ ಲ್ಯಾಟಿನ್, ಫ್ರಾಂಕರ ಜರ್ಮಾನಿಕ್ ನುಡಿ, ಕ್ರೈಸ್ತಮತದೊಡನೆ ಬಂದ ಹೀಬ್ರೂ ಮತ್ತು ಗ್ರೀಕ್, ಅಂಚಿನ ಪ್ರಾಂತಗಳ ಬ್ರೆತೋನ್, ಪ್ರೊವಾನ್ಸಾಲ್, ಬಾಸ್ಕ್ ಮೊದಲಾದ ಭಾಷೆಗಳು ಸುಮಾರು 2000 ವರ್ಷಗಳ ಅವಧಿಯಲ್ಲಿ ಒಂದರ ಮೇಲೊಂದು ಪದರವಾಗಿ ಸೇರಿ ಈ ನಾಮಸಂಪತ್ತನ್ನು ರೂಪಿಸಿವೆ. ಹೆಸರಿನ ಮೂಲಧಾತು ಹೇಳುವ ಅರ್ಥ ಒಂದು. ಆ ಹೆಸರನ್ನು ಹೊತ್ತ ಸಂತಳು, ರಾಣಿ ಅಥವಾ ಕಥಾನಾಯಕಿಯಿಂದ ಅದಕ್ಕೆ ಅಂಟಿದ ಅರ್ಥ ಮತ್ತೊಂದು. ಫ್ರಾನ್ಸಿನ ತಂದೆತಾಯಂದಿರು ಬಹುಮಟ್ಟಿಗೆ ಎರಡನೆಯದನ್ನು ನೋಡಿ ಹೆಸರಿಟ್ಟವರು. ಆದ್ದರಿಂದ ಈ ಹೆಸರುಗಳ ಅಧ್ಯಯನಕ್ಕೆ ಭಾಷಾಶಾಸ್ತ್ರ ಎಷ್ಟು ಅಗತ್ಯವೋ ಚರ್ಚಿನ, ಸಾಹಿತ್ಯದ ಮತ್ತು ಕಾನೂನಿನ ಚರಿತ್ರೆಯೂ ಅಷ್ಟೇ ಅಗತ್ಯ.

ಫ್ರೆಂಚರು ವ್ಯಕ್ತಿಯ ಸ್ವಂತ ಹೆಸರನ್ನು ‘ಪ್ರೆನೋಂ’ ಎಂದೂ ಕುಲನಾಮವನ್ನು ‘ನೋಂ’ ಎಂದೂ ಕರೆಯುತ್ತಾರೆ. ಇಲ್ಲಿನ ವಿವೇಚನೆ ಪ್ರೆನೋಂಗೆ ಸೀಮಿತವಾದುದು. ಹೆಸರುಗಳನ್ನು ಫ್ರೆಂಚ್ ಉಚ್ಚಾರಣೆಗೆ ಸಮೀಪವಾಗಿ ಬರೆಯಲಾಗಿದ್ದು, ಆ ಭಾಷೆಯ ಮೃದುವಾದ, ಶಕಾರಕ್ಕೆ ಹತ್ತಿರದ ಘೋಷಧ್ವನಿಯನ್ನು ‘ಝ’ ಅಕ್ಷರದಿಂದ ಸೂಚಿಸಿದೆ.

ಗಾಲ್ ಮತ್ತು ರೋಮ್

ಇಂದಿನ ಫ್ರಾನ್ಸಿನ ಬಹುಭಾಗವನ್ನು ಒಳಗೊಂಡಿದ್ದ ಗಾಲ್ ಪ್ರದೇಶವನ್ನು ಜೂಲಿಯಸ್ ಸೀಸರ್ ಕ್ರಿ.ಪೂ. 58ರಿಂದ ಆರಂಭವಾದ ದಂಡಯಾತ್ರೆಗಳಲ್ಲಿ ಗೆದ್ದುಕೊಂಡನು. ಮುಂದಿನ ಕೆಲವು ಶತಮಾನಗಳಲ್ಲಿ ಅಲ್ಲಿನ ಕೆಲ್ಟಿಕ್ ಭಾಷೆ ಲ್ಯಾಟಿನ್ನಿಗೆ ಸ್ಥಳ ಬಿಟ್ಟುಕೊಟ್ಟಿತು. ಗಾಲರ ಹೆಸರುಗಳು ಶಾಸನಗಳಲ್ಲಿ ಉಳಿದಿವೆಯಾದರೂ ಬಳಕೆಯ ಹೆಸರುಗಳಾಗಿ ಮುಂದುವರಿದದ್ದು ತೀರ ಕಡಿಮೆ. ಫ್ರಾನ್ಸಿನಲ್ಲಿ ಇಂದು ಕೇಳಿಬರುವ ಕೆಲ್ಟಿಕ್ ಮೂಲದ ಹೆಸರುಗಳಲ್ಲಿ ಹೆಚ್ಚಿನವು ಬ್ರಿಟನ್ ಮತ್ತು ಐರ್ಲೆಂಡ್ ದ್ವೀಪಗಳ ಕಡೆಯಿಂದ ಅನಂತರ ಬಂದವು. ಬ್ರಿಝೀತ್ ಎಂಬುದು ಐರ್ಲೆಂಡಿನ ಸಂತ ಬ್ರಿಜಿಡ್‌ಳ ಹೆಸರಿನಿಂದ ಬಂದುದಾಗಿದ್ದು, ‘ಉನ್ನತಳು’ ಎಂಬ ಅರ್ಥದ ಅದರ ಮೂಲರೂಪವನ್ನು ಭಾಷಾಶಾಸ್ತ್ರಜ್ಞರು ಸಂಸ್ಕೃತದ ‘ಬೃಹತೀ’ ಶಬ್ದದ ದೂರದ ಸೋದರಿಯೆಂದು ಗುರುತಿಸುತ್ತಾರೆ.

ರೋಮನ್ ಸಮಾಜದಲ್ಲಿ ಹೆಣ್ಣಿಗೆ ಪ್ರತ್ಯೇಕ ಸ್ವಂತ ಹೆಸರು ಇರುವುದು ವಾಡಿಕೆಯಾಗಿರಲಿಲ್ಲ; ತಂದೆಯ ಕುಲದ ಹೆಸರಿನ ಸ್ತ್ರೀಲಿಂಗ ರೂಪವೇ ಅವಳ ಹೆಸರಾಗುತ್ತಿತ್ತು. ಝುಲೀ ಮತ್ತು ಝುಲಿಯೆತ್ ಜೂಲಿಯಸ್ ಕುಲದಿಂದಲೂ, ವಲೆರೀ ‘ಬಲವುಳ್ಳ’ ಎಂಬ ಅರ್ಥದ ವಲೇರಿಯಸ್ ಕುಲದಿಂದಲೂ, ಒರೆಲೀ ‘ಹೊನ್ನಿನ ಬಣ್ಣದ’ ಎಂದು ಅರ್ಥೈಸುವ ಔರೇಲಿಯಸ್ ಕುಲದಿಂದಲೂ ಬಂದಿವೆ. ಕುಲನಾಮಗಳ ಮೂಲದಲ್ಲಿ ಅಡ್ಡಹೆಸರುಗಳಿದ್ದ ಕಾರಣ ಅರ್ಥ ಎಲ್ಲ ಕಡೆಯೂ ಮಂಗಳಕರವಾಗಿಲ್ಲ: ಸೆಸೀಲ್ ಹೆಸರಿನ ಹಿಂದಿರುವುದು ‘ಕುರುಡ’ ಎಂಬ ಶಬ್ದ, ಕ್ಲೋದ್ ಹೆಸರಿನ ಹಿಂದಿರುವುದು ‘ಕುಂಟ’ ಎಂಬ ಶಬ್ದ. ಆದರೂ ಸಂಗೀತಗಾರರ ರಕ್ಷಕಿಯೆನಿಸಿದ ಸಂತ ಸೆಸೀಲ್‌ಳಿಂದಾಗಿ ಮೊದಲನೆಯದು ನಾದಮಾಧುರ್ಯವನ್ನು ಸೂಚಿಸುವ ಹೆಸರಾಯಿತು. ಎರಡನೆಯದನ್ನು 16ನೆಯ ಶತಮಾನದಲ್ಲಿ ಒಂದನೆಯ ಫ್ರಾನ್ಸ್ವಾ ದೊರೆಯ ರಾಣಿ ಕ್ಲೋದ್ (1499–1524) ಹೊತ್ತಿದ್ದಳು. ಹಸಿರು ಬಣ್ಣದ ಒಂದು ಜಾತಿಯ ಪ್ಲಮ್ ಹಣ್ಣನ್ನು ಫ್ರೆಂಚರು ಇಂದಿಗೂ ‘ರೆನ್-ಕ್ಲೋದ್’, ಅಂದರೆ ರಾಣಿ ಕ್ಲೋದ್, ಎಂದೇ ಕರೆಯುತ್ತಾರೆ.

ಕ್ರೈಸ್ತಮತ ಹರಡಿದಂತೆ ಲ್ಯಾಟಿನ್ನಿನ ಸಾಮಾನ್ಯ ಶಬ್ದಗಳೂ ಹೆಸರುಗಳಾದವು. ಕ್ಲೇರ್ ‘ಬೆಳಕಾದ, ನಿರ್ಮಲವಾದ’ ಎಂಬ ಅರ್ಥವನ್ನೂ, ಲುಸೀ ‘ಬೆಳಕು’ ಎಂಬ ಅರ್ಥವನ್ನೂ, ಸಿಲ್ವೀ ‘ಕಾಡು’ ಎಂಬ ಅರ್ಥವನ್ನೂ, ಲೋರ್ ವಿಜಯದ ಸಂಕೇತವಾದ ಲಾರೆಲ್ ಗಿಡದ ಅರ್ಥವನ್ನೂ ಕೊಡುತ್ತವೆ. ಕೋನ್ಸ್ತಾನ್ಸ್ (ಸ್ಥಿರತೆ), ಕ್ಲೆಮಾನ್ಸ್ (ದಯೆ), ಫೆಲಿಸಿತೆ (ಆನಂದ) ಎಂಬವು ಗುಣವಾಚಕಗಳು. ರನೆ ಎಂದರೆ ‘ಮತ್ತೆ ಹುಟ್ಟಿದವಳು’. ದೀಕ್ಷಾಸ್ನಾನದಿಂದ ಆತ್ಮಕ್ಕೆ ಹೊಸ ಜನ್ಮ ದೊರೆಯುತ್ತದೆಂಬ ನಂಬಿಕೆಯನ್ನು ಈ ಹೆಸರು ಹೇಳುತ್ತದೆ. ಹುಟ್ಟಿದ ದಿನವನ್ನು ಗುರುತಿಸುವ ಹೆಸರುಗಳೂ ಇದ್ದು, ನೊಯೆಲ್ ಮತ್ತು ನತಾಲೀ ಕ್ರಿಸ್ತಜಯಂತಿಗೂ, ಪಸ್ಕಾಲ್ ಈಸ್ಟರ್ ಹಬ್ಬಕ್ಕೂ, ದೊಮಿನೀಕ್ ‘ಪ್ರಭುವಿನ’ ಎಂಬ ಅರ್ಥದಿಂದಾಗಿ ಭಾನುವಾರಕ್ಕೂ ಸಂಬಂಧಿಸಿವೆ.

ಜರ್ಮಾನಿಕ್ ಪದರ

5ನೆಯ ಶತಮಾನದಲ್ಲಿ ರೋಮನ್ ಸಾಮ್ರಾಜ್ಯ ಕುಸಿದಾಗ ಗಾಲ್‌ನ ಮೇಲೆ ಪ್ರಭುತ್ವ ಸ್ಥಾಪಿಸಿದವರು ಫ್ರಾಂಕರು. ಅವರು ಕಾಲಕ್ರಮದಲ್ಲಿ ತಮ್ಮ ಭಾಷೆಯನ್ನು ಬಿಟ್ಟು ಸ್ಥಳೀಯ ಲ್ಯಾಟಿನ್ನನ್ನೇ ಆಡತೊಡಗಿದರು. ಆದರೆ ಹೆಸರುಗಳ ವಿಷಯದಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಆಳುವವರ ಹೆಸರುಗಳಿಗೆ ಪ್ರತಿಷ್ಠೆಯಿದ್ದುದರಿಂದ ಲ್ಯಾಟಿನ್ ಆಡುತ್ತಿದ್ದ ಜನರೂ ಮಕ್ಕಳಿಗೆ ಜರ್ಮಾನಿಕ್ ಹೆಸರುಗಳನ್ನು ಇಡತೊಡಗಿದರು. ಪ್ಯಾರಿಸ್ಸಿನ ಸ್ಯಾಂ-ಝೆರ್ಮ್ಯಾಂ-ದೆ-ಪ್ರೆ ಮಠದ ಅಧಿಪತಿ ಇರ್ಮಿನೋನ್ 9ನೆಯ ಶತಮಾನದ ಆರಂಭದಲ್ಲಿ ಬರೆಸಿದ ಜಮೀನು ಕಡತದಲ್ಲಿ ಒಕ್ಕಲು ಕುಟುಂಬಗಳ ಗಂಡಸರು, ಹೆಂಗಸರು, ಮಕ್ಕಳ ಹೆಸರುಗಳು ದಾಖಲಾಗಿದ್ದು, ಅವುಗಳಲ್ಲಿ ಬಹುಪಾಲು ಜರ್ಮಾನಿಕ್ ಮೂಲದವೇ ಆಗಿವೆ.

ಈ ಹೆಸರುಗಳ ರಚನೆ ಸಮಾಸದ್ದು. ಎರಡು ನಾಮಾಂಶಗಳನ್ನು ಕೂಡಿಸಿ ಒಂದು ಹೆಸರನ್ನು ಮಾಡಲಾಗುತ್ತಿತ್ತು. ಕ್ಲೋತಿಲ್ದ್ ಎಂಬುದರಲ್ಲಿ ‘ಕೀರ್ತಿ’ ಎಂಬ ಅರ್ಥದ ‘ಹ್ಲೋದ್’ ಮತ್ತು ‘ಕಾಳಗ’ ಎಂಬ ಅರ್ಥದ ‘ಹಿಲ್ದ್’ ಸೇರಿವೆ. ಮತಿಲ್ದ್ ‘ಶಕ್ತಿ’ ಮತ್ತು ‘ಕಾಳಗ’ಗಳಿಂದಲೂ, ರಾದ್‌ಗೋಂದ್ ‘ಆಲೋಚನೆ’ ಮತ್ತು ‘ಯುದ್ಧ’ಗಳಿಂದಲೂ, ಝೆರ್ತ್ರೂದ್ ‘ಈಟಿ’ ಮತ್ತು ‘ಬಲ’ಗಳಿಂದಲೂ, ಅದೆಲಾಯೀದ್ ‘ಕುಲೀನ’ ಮತ್ತು ‘ಬಗೆ’ ಎಂಬ ಶಬ್ದಗಳಿಂದಲೂ ಆದವು. ಆದರೆ ಈ ಸಮಾಸಗಳನ್ನು ವಿಗ್ರಹವಾಕ್ಯ ಮಾಡಿ ‘ಕೀರ್ತಿಯ ಕಾಳಗ’ ಎಂಬಂತೆ ಬಿಡಿಸುವುದು ಸರಿಯಲ್ಲ. ತಂದೆಯ ಹೆಸರಿನ ಒಂದಂಶವನ್ನೂ ತಾಯಿಯ ಅಥವಾ ಅಜ್ಜಿಯ ಹೆಸರಿನ ಇನ್ನೊಂದಂಶವನ್ನೂ ಜೋಡಿಸಿ ಮಗುವಿನ ವಂಶವನ್ನು ತೋರಿಸುವುದೇ ಇಂಥ ಹೆಸರಿಡುವಿಕೆಯ ಮುಖ್ಯ ಉದ್ದೇಶವಾಗಿತ್ತು. ಎರಡು ಅಂಶಗಳ ನಡುವೆ ಅರ್ಥಸಂಬಂಧ ಇರಲೇಬೇಕೆಂಬ ನಿಯಮವಿರಲಿಲ್ಲ. ‘ಹ್ಲೋದ್’ ಎಂಬ ಅಂಶ ಸಂಸ್ಕೃತದ ‘ಶ್ರುತ’ ಶಬ್ದದೊಡನೆ ಒಂದೇ ಇಂಡೋ-ಯುರೋಪಿಯನ್ ಧಾತುವಿನಿಂದ ಹುಟ್ಟಿದೆ. ರಾಮಾಯಣದ ಶ್ರುತಕೀರ್ತಿಯಂಥ ಹೆಸರುಗಳಲ್ಲಿ ಕಾಣುವ ದ್ವಿಪದ ರಚನೆಯೂ ಅದೇ ಪುರಾತನ ಪದ್ಧತಿಯ ಮತ್ತೊಂದು ಕವಲು.

ಧ್ವನಿ ಬದಲಾವಣೆಯಿಂದ ಒಂದೇ ಮೂಲ ಹಲವು ಹೆಸರುಗಳಾಗಿ ಒಡೆದದ್ದುಂಟು. ‘ಹ್ಲೋದ್’ ಮತ್ತು ‘ವೀಗ್’ (ಯುದ್ಧ) ಸೇರಿದ ಪುರುಷನಾಮ ಒಂದು ಕಡೆ ಕ್ಲೊವೀಸ್ ಎಂದೂ ಇನ್ನೊಂದು ಕಡೆ ಆದಿವ್ಯಂಜನ ಲೋಪವಾಗಿ ಲೂಯಿ ಎಂದೂ ಆಯಿತು. ಲೂಯೀಜ್ ಎಂಬುದು ಈ ಎರಡನೆಯದರ ಸ್ತ್ರೀಲಿಂಗ. ಅದೆಲಾಯೀದ್ ಎಂಬುದು ಹಳೆಯ ಫ್ರೆಂಚಿನಲ್ಲಿ ಸವೆದು ಅಲೀಸ್ ಆಯಿತು, ಮತಿಲ್ದ್ ಎಂಬುದು ಮಧ್ಯಯುಗದಲ್ಲಿ ಮಾಓ ಎಂಬ ರೂಪವನ್ನೂ ಪಡೆಯಿತು. ಒಂಟಿ ಅಂಶದ ಹೆಸರುಗಳಲ್ಲಿ ‘ಹೊಳೆಯುವ’ ಎಂಬ ಅರ್ಥದ ಬೆರ್ತ್, ‘ಒತ್ತೆ’ ಎಂಬ ಅರ್ಥದ ಝಿಜೆಲ್, ‘ಸಮಗ್ರ’ ಎಂಬ ಅರ್ಥದ ಎಮ್ಮಾ ಪ್ರಸಿದ್ಧವಾದವು. ‘ಬಿಳಿ’ ಎಂಬ ಅರ್ಥದ ಬ್ಲಾಂಶ್ ಕೂಡ ಜರ್ಮಾನಿಕ್ ಶಬ್ದವೇ. ಒಂಬತ್ತನೆಯ ಲೂಯಿಯ ತಾಯಿಯಾಗಿ, ಅವನು ಬಾಲಕನಾಗಿದ್ದಾಗ ರಾಜ್ಯಭಾರ ನಡೆಸಿದ ಬ್ಲಾಂಶ್ ದ ಕಾಸ್ತೀಯ್ (1188–1252) ಇದಕ್ಕೆ ರಾಜಗೌರವ ತಂದಳು.

ಇಂಥ ಹೆಸರುಗಳಲ್ಲಿ ಕೆಲವು ಉಳಿಯಲು ಅವುಗಳನ್ನು ಹೊತ್ತವರ ಧಾರ್ಮಿಕ ಖ್ಯಾತಿಯೇ ಕಾರಣ. ಕ್ಲೋತಿಲ್ದ್ ಫ್ರಾಂಕರ ದೊರೆ ಕ್ಲೊವೀಸನ ರಾಣಿ. ಅವಳ ಪ್ರೇರಣೆಯಿಂದ ದೊರೆ ರ‍್ಯಾಂಸ್ ನಗರದಲ್ಲಿ ಕ್ರೈಸ್ತ ದೀಕ್ಷೆ ಪಡೆದನೆಂದು ಸಂಪ್ರದಾಯ ಹೇಳುತ್ತದೆ. ತನ್ನ ಗಂಡನಾದ ಇನ್ನೊಬ್ಬ ಫ್ರಾಂಕ್ ದೊರೆಯನ್ನು ತೊರೆದು ಪ್ವಾತಿಯೆ ನಗರದಲ್ಲಿ ಕನ್ಯಾಮಠ ಕಟ್ಟಿದ ರಾದ್‌ಗೋಂದ್ 587ರಲ್ಲಿ ತೀರಿಕೊಂಡಳು. 451ರಲ್ಲಿ ಅಟಿಲನ ಹೂಣ ಸೈನ್ಯ ಸಮೀಪಿಸಿದಾಗ ಪ್ಯಾರಿಸ್ಸಿನ ಜನರಿಗೆ ಧೈರ್ಯ ತುಂಬಿದಳೆಂದು ಪ್ರಸಿದ್ಧಳಾದ ಝನ್‌ವಿಯೆವ್ ಆ ನಗರದ ರಕ್ಷಕ ಸಂತಳು. ಅವಳ ಹೆಸರಿನ ವ್ಯುತ್ಪತ್ತಿ ವಿವಾದಾಸ್ಪದವಾಗಿದ್ದು, ‘ಕುಲ’ ಮತ್ತು ‘ಹೆಣ್ಣು’ ಎಂಬ ಅರ್ಥದ ಜರ್ಮಾನಿಕ್ ಶಬ್ದಗಳಿಂದ ಅದನ್ನು ಸಾಧಿಸುವವರೂ, ಕೆಲ್ಟಿಕ್ ಮೂಲವನ್ನು ಸೂಚಿಸುವವರೂ ಇದ್ದಾರೆ.

ಹೀಬ್ರೂ ಮತ್ತು ಗ್ರೀಕ್ ಹೆಸರುಗಳು

11 ಮತ್ತು 12ನೆಯ ಶತಮಾನಗಳಿಂದ ಜರ್ಮಾನಿಕ್ ಹೆಸರುಗಳ ವೈವಿಧ್ಯ ಕುಗ್ಗುತ್ತ ಬಂದು, ಬೈಬಲ್ಲಿನ ಮತ್ತು ಆದಿಕಾಲದ ಹುತಾತ್ಮ ಸಂತರ ಹೆಸರುಗಳು ಮುಂದೆ ಬಂದವು. ಸಂತಳ ಹೆಸರನ್ನು ಹೊತ್ತ ಮಗುವಿಗೆ ಅವಳ ರಕ್ಷಣೆ ಸಿಗುತ್ತದೆಂಬ ನಂಬಿಕೆ, ದೀಕ್ಷಾಸ್ನಾನದ ವೇಳೆ ಧರ್ಮಮಾತೆ ತನ್ನದೇ ಹೆಸರನ್ನು ಮಗುವಿಗೆ ಕೊಡುವ ಪದ್ಧತಿ, ಇವೆರಡೂ ಸೇರಿ ಹೆಸರುಗಳ ಸಂಖ್ಯೆಯನ್ನು ಬಹಳ ಕಡಿಮೆ ಮಾಡಿದವು. ಮರೀ, ಝಾನ್, ಆನ್, ಕತ್ರೀನ್, ಮಾರ್ಗರೀತ್, ಫ್ರಾನ್ಸ್ವಾಜ್ ಎಂಬ ಬೆರಳೆಣಿಕೆಯ ಹೆಸರುಗಳೇ ಹಳ್ಳಿಹಳ್ಳಿಗಳಲ್ಲಿ ಕೇಳಿಬರುವಂತಾಯಿತು. 16ನೆಯ ಶತಮಾನದ ಟ್ರೆಂಟ್ ಧರ್ಮಸಭೆಯ ತರುವಾಯ 1566ರಲ್ಲಿ ಪ್ರಕಟವಾದ ರೋಮನ್ ಧರ್ಮಬೋಧಿನಿ ಸಂತರ ಹೆಸರನ್ನೇ ಇಡಬೇಕೆಂದು ಉಪದೇಶಿಸಿತು.

ಮರೀ ಎಂಬುದು ಹೀಬ್ರೂವಿನ ಮಿರ್ಯಾಮ್ ಎಂಬುದರ ರೂಪಾಂತರ. ಅದಕ್ಕೆ ‘ಕಹಿ’, ‘ಪ್ರತಿಭಟನೆ’ ಎಂಬ ಅರ್ಥಗಳನ್ನು ಹೇಳಿರುವಂತೆಯೇ ಪ್ರಾಚೀನ ಈಜಿಪ್ಟ್ ಭಾಷೆಯ ‘ಪ್ರಿಯಳು’ ಎಂಬ ಶಬ್ದದಿಂದ ಬಂದಿರಬಹುದೆಂಬ ಸೂಚನೆಯೂ ಇದ್ದು, ಯಾವುದೂ ಸರ್ವಸಮ್ಮತವಾಗಿಲ್ಲ. ಅರ್ಥ ಅನಿಶ್ಚಿತವಾಗಿದ್ದರೂ 1900ರಿಂದ ಈಚೆಗೆ ಫ್ರಾನ್ಸಿನಲ್ಲಿ 20 ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಈ ಹೆಸರನ್ನಿಡಲಾಗಿದೆ. ಝಾನ್ ಎಂಬುದು ‘ಯೆಹೋವನು ಕೃಪಾಳು’ ಎಂಬ ಅರ್ಥದ ಪುರುಷನಾಮದ ಸ್ತ್ರೀಲಿಂಗ. 1431ರಲ್ಲಿ ರೂಆಂ ನಗರದಲ್ಲಿ ಸುಡಲ್ಪಟ್ಟು 1920ರಲ್ಲಿ ಸಂತಪದವಿ ಪಡೆದ ಝಾನ್ ದಾರ್ಕ್, ಅಂದರೆ ಕನ್ನಡದಲ್ಲಿ ಜೋನ್ ಆಫ್ ಆರ್ಕ್ ಎಂದು ಪರಿಚಿತಳಾದವಳು, ಇದನ್ನು ರಾಷ್ಟ್ರೀಯ ಹೆಸರನ್ನಾಗಿ ಮಾಡಿದಳು. ಆನ್ ಎಂದರೆ ‘ಕೃಪೆ’, ಸುಜಾನ್ ಎಂದರೆ ‘ಲಿಲ್ಲಿ ಹೂ’, ಎಲಿಜಬೆತ್ ಎಂದರೆ ‘ನನ್ನ ದೇವರೇ ಆಣೆ’. ಇಜಬೆಲ್ ಎಂಬುದು ಎಲಿಜಬೆತ್ ಹೆಸರಿನ ದಕ್ಷಿಣದ ರೂಪ. ಮದ್ಲೆನ್ ಮಾತ್ರ ಊರಿನ ಹೆಸರಿನಿಂದ, ಗಲಿಲಾಯದ ಮಗ್ದಲದಿಂದ, ಬಂದುದು. ಪ್ರೊಟೆಸ್ಟೆಂಟ್ ಮತವನ್ನು ಅನುಸರಿಸಿದ ಫ್ರೆಂಚರು, ಅಂದರೆ ಯುಗೆನೋಗಳು, ಸಂತರ ಆರಾಧನೆಯನ್ನು ನಿರಾಕರಿಸಿದ್ದರಿಂದ ಹಳೆಯ ಒಡಂಬಡಿಕೆಯ ಸಾರಾ, ಝುದಿತ್, ರಶೆಲ್, ಎಸ್ತೆರ್ ಮೊದಲಾದ ಹೆಸರುಗಳನ್ನು ಆರಿಸಿಕೊಂಡರು. ಹೀಗಾಗಿ 16 ಮತ್ತು 17ನೆಯ ಶತಮಾನಗಳಲ್ಲಿ ಹೆಸರು ಮತಪಂಗಡದ ಗುರುತೂ ಆಗಿತ್ತು.

ಗ್ರೀಕ್ ಮೂಲದ ಹೆಸರುಗಳ ಅರ್ಥ ಸಾಮಾನ್ಯವಾಗಿ ಸ್ಪಷ್ಟ. ಸೊಫೀ ‘ಜ್ಞಾನ’, ಇರೆನ್ ‘ಶಾಂತಿ’, ಜೊಯೆ ‘ಜೀವ’, ಕ್ಲೊಯೆ ‘ಎಳೆಯ ಚಿಗುರು’, ಅಗಾತ್ ‘ಒಳ್ಳೆಯವಳು’, ಮೆಲಾನೀ ‘ಕಪ್ಪು ಬಣ್ಣದವಳು’, ಸ್ತೆಫಾನೀ ‘ಕಿರೀಟ’, ದೊರೊತೆ ‘ದೇವರ ಕೊಡುಗೆ’ ಎಂಬ ಅರ್ಥದವು. ‘ಒಳ್ಳೆಯ ಹುಟ್ಟಿನವಳು’ ಎಂಬ ಅರ್ಥದ ಯೂಝೆನೀ ಮೂರನೆಯ ನೆಪೋಲಿಯನ್ನನ ರಾಣಿಯ (1826–1920) ಹೆಸರಾಗಿತ್ತು. ಅದರ ಎರಡು ಅಂಶಗಳೂ ಸಂಸ್ಕೃತದ ‘ಸು’ ಮತ್ತು ‘ಜನ್’ ಧಾತುವಿನ ಸಜಾತೀಯಗಳಾದ್ದರಿಂದ, ರಚನೆಯಲ್ಲೂ ಅರ್ಥದಲ್ಲೂ ಅದು ‘ಸುಜಾತಾ’ ಎಂಬ ಹೆಸರಿಗೆ ಸಮಾನವಾಗಿದೆ. ಮಾರ್ಗರೀತ್ ಎಂದರೆ ‘ಮುತ್ತು’. ಫ್ರೆಂಚಿನಲ್ಲಿ ಅದು ಡೇಸಿ ಹೂವಿನ ಹೆಸರೂ ಆದುದರಿಂದ ರತ್ನ ಮತ್ತು ಪುಷ್ಪ ಎರಡರ ಭಾವವೂ ಅದಕ್ಕೆ ಸೇರಿದೆ.

ಕೆಲವೆಡೆ ಜನರು ಕಲ್ಪಿಸಿದ ವ್ಯುತ್ಪತ್ತಿ ನಿಜವಾದುದಕ್ಕಿಂತ ಹೆಚ್ಚು ಪ್ರಭಾವ ಬೀರಿದೆ. ಆನ್ಯೆಸ್ ಗ್ರೀಕಿನಲ್ಲಿ ‘ಪವಿತ್ರಳು’ ಎಂಬ ಅರ್ಥದ ಶಬ್ದವಾದರೂ ಲ್ಯಾಟಿನ್ನಿನಲ್ಲಿ ‘ಕುರಿಮರಿ’ಯನ್ನು ಸೂಚಿಸುವ ‘ಆಗ್ನುಸ್’ ಶಬ್ದವನ್ನು ನೆನಪಿಸುವುದರಿಂದ ಸಂತ ಆನ್ಯೆಸ್‌ಳನ್ನು ಚಿತ್ರಗಳಲ್ಲಿ ಕುರಿಮರಿಯೊಡನೆ ತೋರಿಸುತ್ತಾರೆ. ವೆರೊನೀಕ್ ಹೆಸರು ‘ವಿಜಯ ತರುವವಳು’ ಎಂಬ ಅರ್ಥದ ಬೆರೆನೀಕೆ ಎಂಬುದರಿಂದ ಬಂದಿದ್ದರೂ, ಕ್ರಿಸ್ತನ ಮುಖದ ಅಚ್ಚು ಮೂಡಿದ ಬಟ್ಟೆಯ ಐತಿಹ್ಯದಿಂದಾಗಿ ‘ನಿಜವಾದ ಬಿಂಬ’ ಎಂಬ ಅರ್ಥವೇ ಜನಪ್ರಿಯವಾಯಿತು. ಕತ್ರೀನ್ ಹೆಸರಿನ ಮೂಲ ಸಂದಿಗ್ಧವಾಗಿದ್ದು, ‘ಶುದ್ಧ’ ಎಂಬ ಗ್ರೀಕ್ ಶಬ್ದದೊಡನೆ ಅದನ್ನು ಆದಿಕಾಲದಿಂದಲೂ ಜೋಡಿಸಲಾಗಿದೆ. ಸಂತ ಕತ್ರೀನ್ ಅವಿವಾಹಿತ ಯುವತಿಯರ ರಕ್ಷಕಿ. ಅವಳ ಹಬ್ಬವಾದ ನವೆಂಬರ್ 25ರಂದು, ಮದುವೆಯಾಗದೆ 25 ವರ್ಷ ತಲುಪಿದ ಯುವತಿಯರು ಹಸಿರು-ಹಳದಿ ಬಣ್ಣದ ಟೋಪಿ ಧರಿಸುವ ಸಂಪ್ರದಾಯ ಪ್ಯಾರಿಸ್ಸಿನ ಉಡುಪು ತಯಾರಿಕೆಯ ಕಾರ್ಯಾಗಾರಗಳಲ್ಲಿ ಬಹುಕಾಲ ನಡೆದುಬಂದಿತು.

ಪುರುಷನಾಮದಿಂದ ಸ್ತ್ರೀನಾಮ

ಫ್ರೆಂಚ್ ಸ್ತ್ರೀನಾಮಗಳಲ್ಲಿ ದೊಡ್ಡ ಭಾಗ ಪುರುಷನಾಮಗಳಿಗೆ ಪ್ರತ್ಯಯ ಹಚ್ಚಿ ಪಡೆದುದು. ಕೊನೆಗೆ ಉಚ್ಚರಿಸದ ‘ಎ’ ಅಕ್ಷರವನ್ನು ಸೇರಿಸುವುದು ಇವುಗಳಲ್ಲಿ ಸರಳವಾದ ವಿಧಾನ. ಬರಹದಲ್ಲಿ ಕಾಣುವ ಆ ಅಕ್ಷರ ಮಾತಿನಲ್ಲಿ ಅದರ ಹಿಂದಿನ ವ್ಯಂಜನವನ್ನು ಕೇಳಿಸುವಂತೆ ಮಾಡುತ್ತದೆ. ಫ್ರಾನ್ಸ್ವಾ ಎಂಬುದು ಫ್ರಾನ್ಸ್ವಾಜ್ ಆಗುವುದೂ ದನಿ ಎಂಬುದು ದನೀಜ್ ಆಗುವುದೂ ಹೀಗೆಯೇ. ಇದಲ್ಲದೆ ‘-ಎತ್’, ‘-ಈನ್’, ‘-ಎಲ್’, ‘-ಒನ್’, ‘-ಒತ್’ ಎಂಬ ಪ್ರತ್ಯಯಗಳಿವೆ: ಆಂತ್ವಾನ್‌ನಿಂದ ಆಂತ್ವಾನೆತ್, ಪೋಲ್‌ನಿಂದ ಪೋಲೀನ್ ಮತ್ತು ಪೋಲೆತ್, ಝೊಜೆಫ್‌ನಿಂದ ಝೊಜೆಫೀನ್, ಈವ್‌ನಿಂದ ಈವೊನ್ ಮತ್ತು ಈವೆತ್, ಶಾರ್ಲ್‌ನಿಂದ ಶಾರ್ಲೊತ್. ‘ಕರಡಿ’ ಮತ್ತು ‘ಗಟ್ಟಿ’ ಎಂಬ ಜರ್ಮಾನಿಕ್ ಶಬ್ದಗಳಿಂದಾದ ಬೆರ್ನಾರ್ ಎಂಬ ಯೋಧನಾಮ ಬೆರ್ನದೆತ್ ಎಂಬ ಕೋಮಲ ರೂಪ ತಾಳಿತು. 1858ರಲ್ಲಿ ಲೂರ್ದ್ ಊರಿನ ಗುಹೆಯಲ್ಲಿ ಮರಿಯ ಮಾತೆಯ ದರ್ಶನವಾಯಿತೆಂದು ಹೇಳಿದ ಬೆರ್ನದೆತ್ ಸುಬಿರೂಳಿಂದ (1844–1879) ಅದು ಕ್ಯಾಥೊಲಿಕ್ ಜಗತ್ತಿನಲ್ಲೆಲ್ಲ ಹರಡಿತು.

ಈ ಪ್ರತ್ಯಯಗಳಲ್ಲಿ ಹಲವು ಮೂಲತಃ ಅಲ್ಪಾರ್ಥಕಗಳು, ಅಂದರೆ ಚಿಕ್ಕದು ಎಂಬ ಭಾವವನ್ನೂ ಮುದ್ದನ್ನೂ ಸೂಚಿಸುವವು. ಮನೆಯೊಳಗೆ ಕರೆಯುವ ಹೆಸರು ಸ್ವತಂತ್ರ ಹೆಸರಾಗುವುದು ಇದರ ಪರಿಣಾಮ. ನಿಕೊಲಾ ಎಂಬ ಪುರುಷನಾಮದಿಂದ ನಿಕೊಲೆತ್, ಅದರ ಮೊದಲ ಅಕ್ಷರ ಕಳಚಿ ಕೊಲೆತ್ ಆದವು. ಸಂತ ನಿಕೊಲಾನ ಹರಕೆಯಿಂದ ಹುಟ್ಟಿದ ಮಗುವಾದ್ದರಿಂದ ಕೋರ್ಬಿಯ ಸಂತ ಕೊಲೆತ್‌ಳಿಗೆ (1381–1447) ಆ ಹೆಸರು ಬಂದಿತೆಂದು ಅವಳ ಚರಿತ್ರೆ ಹೇಳುತ್ತದೆ. ಕೊಲೆತ್ ಎಂಬ ಒಂದೇ ಹೆಸರಿನಿಂದ ಪ್ರಸಿದ್ಧಳಾದ ಕಾದಂಬರಿಕಾರ್ತಿಗೆ (1873–1954) ಮಾತ್ರ ಅದು ಪ್ರೆನೋಂ ಅಲ್ಲ, ಕುಲನಾಮ. ‘-ಓಂ’ ಪ್ರತ್ಯಯದಿಂದ ಮರೀಗೆ ಮರಿಯೋಂ ಮತ್ತು ಮನೋಂ, ಸುಜಾನ್‌ಗೆ ಸುಜೋಂ, ಫ್ರಾನ್ಸ್ವಾಜ್‌ಗೆ ಫಾಂಶೋಂ ಎಂಬ ರೂಪಗಳಾದವು. ರಂಗಭೂಮಿಯಲ್ಲಿ ಮನೆಗೆಲಸದವರಿಗೂ ಹಳ್ಳಿಯ ಹೆಣ್ಣುಗಳಿಗೂ ಇಂಥ ಹೆಸರಿಡುವುದು ರೂಢಿಯಾಗಿತ್ತು. ಮೊಲಿಯೇರನ 1673ರ ನಾಟಕದಲ್ಲಿ ರೋಗಭ್ರಾಂತಿಯ ಯಜಮಾನನನ್ನು ಆಡಿಸುವ ಚತುರ ಸೇವಕಿಯ ಹೆಸರು ತ್ವಾನೆತ್, ಅದು ಆಂತ್ವಾನೆತ್‌ನ ಮೊಟಕು ರೂಪ. ಕತ್ರೀನ್‌ನಿಂದಾದ ‘ಕತ್ಯಾಂ’ ಎಂಬುದಂತೂ ಕಾಲಕ್ರಮದಲ್ಲಿ ವೇಶ್ಯೆಯನ್ನು ಸೂಚಿಸುವ ಬೈಗುಳವಾಗಿ ಹೆಸರುಗಳ ಸಾಲಿನಿಂದ ಹೊರಬಿದ್ದಿತು.

ಗಂಡು ಹೆಣ್ಣು ಇಬ್ಬರಿಗೂ ಸಲ್ಲುವ ಹೆಸರುಗಳೂ ಉಂಟು. ಕ್ಲೋದ್, ದೊಮಿನೀಕ್, ಕಮೀಯ್ ಬರಹದಲ್ಲಿಯೂ ಮಾತಿನಲ್ಲಿಯೂ ಲಿಂಗಭೇದವಿಲ್ಲದವು: ಶಿಲ್ಪಿ ಕಮೀಯ್ ಕ್ಲೊದೆಲ್ (1864–1943) ಮಹಿಳೆ, ಚಿತ್ರಕಾರ ಕಮೀಯ್ ಪಿಸಾರೋ ಪುರುಷ. ಎರಡು ಹೆಸರುಗಳನ್ನು ಅಡ್ಡಗೆರೆಯಿಂದ ಸೇರಿಸಿದ ಜೋಡಿ ಹೆಸರುಗಳು ಫ್ರೆಂಚಿನ ಮತ್ತೊಂದು ವೈಶಿಷ್ಟ್ಯ. ಮರೀ-ತೆರೆಜ್, ಮರೀ-ಕ್ಲೋದ್, ಆನ್-ಮರೀ, ಆನ್-ಸೊಫೀ ಇಂಥವು. ಇವು ಎರಡು ಹೆಸರುಗಳಲ್ಲ, ಕೂಡಿಸಿ ಕರೆಯುವ ಒಂದೇ ಹೆಸರು. ಮರೀ ಎಲ್ಲರ ಹೆಸರಾದುದರಿಂದ ಒಬ್ಬಳನ್ನು ಇನ್ನೊಬ್ಬಳಿಂದ ಬೇರ್ಪಡಿಸಲು ಜೊತೆಯ ಹೆಸರು ಬೇಕಾಯಿತು. ಭಕ್ತಿಯಿಂದ ಅದನ್ನು ಗಂಡುಮಕ್ಕಳ ಹೆಸರಿಗೂ ಸೇರಿಸುತ್ತಿದ್ದರು. ವೋಲ್ತೇರನ ನಿಜನಾಮ ಫ್ರಾನ್ಸ್ವಾ-ಮರೀ ಅರುಎ. ಮರೀ ಮತ್ತು ಆನ್ ಬೆಸೆದು ಆದ ಮರಿಯಾನ್ ಎಂಬ ಜನಸಾಮಾನ್ಯರ ಹೆಸರು ಮಹಾಕ್ರಾಂತಿಯ ಕಾಲದಿಂದ ಫ್ರೆಂಚ್ ಗಣರಾಜ್ಯವನ್ನು ಸಂಕೇತಿಸುವ ಸ್ತ್ರೀಮೂರ್ತಿಯ ಹೆಸರಾಗಿದೆ.

ಪ್ರಾಂತಗಳ ಕೊಡುಗೆ

ವಾಯವ್ಯದ ಬ್ರಿಟನಿ ಪ್ರಾಂತದ ಬ್ರೆತೋನ್ ಭಾಷೆ ಕೆಲ್ಟಿಕ್ ಶಾಖೆಗೆ ಸೇರಿದುದು. ಅದರಲ್ಲಿ ‘ಬಿಳಿ, ಪವಿತ್ರ’ ಎಂಬ ಅರ್ಥದ ‘ಗ್ವೆನ್’ ಹಲವು ಹೆಸರುಗಳ ಅಂಶ: ಗ್ವೆನಾಯೆಲ್ ಎಂಬುದರಲ್ಲಿ ಅದು ‘ಉದಾರ’ ಎಂಬ ಶಬ್ದದೊಡನೆಯೂ, ಮಾಯಿವೆನ್ ಎಂಬುದರಲ್ಲಿ ಮರೀ ಹೆಸರಿನೊಡನೆಯೂ, ನೊಲ್ವೆನ್ ಎಂಬುದರಲ್ಲಿ ನೋಯಾಲ್ ಎಂಬ ಸ್ಥಳನಾಮದೊಡನೆಯೂ ಕೂಡಿದೆ. ‘ಒಡೆಯ’ ಎಂಬ ಅರ್ಥದ ‘ಮಾಯೆಲ್’ ಶಬ್ದದಿಂದ ಅದೇ ಉಚ್ಚಾರದ ಸ್ತ್ರೀನಾಮವಾಯಿತು. ‘ಕರಡಿ’ ಎಂಬ ಶಬ್ದ ಅದರ ಮುಂದೆ ಸೇರಿ ಅರ್ಮೆಲ್ ಆಯಿತು. ದಕ್ಷಿಣದ ಪ್ರೊವಾನ್ಸಿನಿಂದ ಬಂದ ಮಿರೇಯ್ ಹೆಸರು ಕವಿ ಫ್ರೆದೆರೀಕ್ ಮಿಸ್ತ್ರಾಲ್ 1859ರಲ್ಲಿ ಪ್ರಕಟಿಸಿದ ಪ್ರೊವಾನ್ಸಾಲ್ ಕಥನಕಾವ್ಯದ ನಾಯಕಿಯದು. ಗೂನೋ 1864ರಲ್ಲಿ ಅದನ್ನು ಸಂಗೀತನಾಟಕವಾಗಿಸಿದ ಮೇಲೆ ಹೆಸರು ದೇಶವ್ಯಾಪಿಯಾಯಿತು. ಅದರ ಮೂಲವನ್ನು ‘ಮೆಚ್ಚಿ ನೋಡು’ ಎಂಬ ಅರ್ಥದ ಕ್ರಿಯಾಪದದಲ್ಲಿ ಗುರುತಿಸುತ್ತಾರೆ. ‘ನಕ್ಷತ್ರ’ ಎಂಬ ಅರ್ಥದ ಎಸ್ತೆಲ್ ಕೂಡ ದಕ್ಷಿಣದ್ದು. ಪೂರ್ವದ ಅಲ್ಸಾಸಿನ ರಕ್ಷಕ ಸಂತ ಒದೀಲ್‌ಳ ಹೆಸರಿನಲ್ಲಿ ‘ಸಂಪತ್ತು’ ಎಂಬ ಅರ್ಥದ ಜರ್ಮಾನಿಕ್ ಅಂಶವಿದೆ. ಮರೀ-ತೆರೆಜ್‌ನ ಮೊಟಕು ರೂಪವೆನಿಸುವ ಮಾಯಿತೆ ಬಾಸ್ಕ್ ಭಾಷೆಯಲ್ಲಿ ‘ಪ್ರಿಯಳು’ ಎಂಬ ಅರ್ಥದ ಶಬ್ದವೂ ಹೌದು.

ಊರಿನ ಹೆಸರು ಹೆಣ್ಣಿನ ಹೆಸರಾದುದಕ್ಕೆ ಶಾಂತಾಲ್ ನಿದರ್ಶನ. 1610ರಲ್ಲಿ ಆನ್ಸಿಯಲ್ಲಿ ಸನ್ಯಾಸಿನಿಯರ ಸಂಘವೊಂದನ್ನು ಬಿಷಪ್ ಫ್ರಾನ್ಸ್ವಾ ದ ಸಾಲ್‌ನೊಡನೆ ಸ್ಥಾಪಿಸಿದ ಝಾನ್ (1572–1641) ಶಾಂತಾಲ್ ಜಹಗೀರಿನ ಒಡೆಯನ ವಿಧವೆಯಾಗಿದ್ದು, 1767ರಲ್ಲಿ ಸಂತಪದವಿ ಪಡೆದಳು. ದಕ್ಷಿಣದ ಭಾಷೆಯಲ್ಲಿ ‘ಕಲ್ಲು’ ಎಂಬ ಅರ್ಥದ ಆ ಸ್ಥಳನಾಮ ಭಕ್ತಿಯ ಮೂಲಕ 20ನೆಯ ಶತಮಾನದ ಅಚ್ಚುಮೆಚ್ಚಿನ ಹೆಸರುಗಳಲ್ಲಿ ಒಂದಾಯಿತು.

ಸಾಹಿತ್ಯದಿಂದ ಬಂದ ಹೆಸರುಗಳು

18ನೆಯ ಶತಮಾನದಿಂದ ಕಾದಂಬರಿ ಸಂತರ ಪಂಚಾಂಗಕ್ಕೆ ಪ್ರತಿಸ್ಪರ್ಧಿಯಾಯಿತು. 12ನೆಯ ಶತಮಾನದ ವಿದುಷಿ ಎಲೊಯೀಜ್‌ಳ ಹೆಸರನ್ನು ರೂಸೋ 1761ರಲ್ಲಿ ತನ್ನ ಕಾದಂಬರಿಯ ಶೀರ್ಷಿಕೆಗೆ ಎತ್ತಿಕೊಂಡನು. ಅದರ ನಾಯಕಿ ಝುಲೀ. ಮಾರಿಷಸ್ ದ್ವೀಪದಲ್ಲಿ ನಡೆಯುವ ಬೆರ್ನಾರ್ದ್ಯಾಂ ದ ಸ್ಯಾಂ-ಪಿಯೆರನ ‘ಪೋಲ್ ಮತ್ತು ವಿರ್ಝಿನೀ’ (1788) ರೋಮನ್ ಕಾಲದ ವಿರ್ಝಿನೀ ಎಂಬ ಹೆಸರಿಗೆ ಹೊಸ ಜೀವ ಕೊಟ್ಟಿತು. ಮದಾಮ್ ದ ಸ್ತಾಲ್‌ಳ 1807ರ ಕಾದಂಬರಿ ಕೊರೀನ್ ಎಂಬ ಹೆಸರನ್ನು, ಅಂದರೆ ಗ್ರೀಕಿನಲ್ಲಿ ‘ಕನ್ಯೆ’ ಎಂಬ ಅರ್ಥದ್ದನ್ನು, ಪರಿಚಯಿಸಿತು. ಹ್ಯೂಗೋನ ‘ಲೆ ಮಿಜೆರಾಬ್ಲ್’ (1862) ಕಾದಂಬರಿಯ ಕೊಜೆತ್‌ಳ ನಿಜವಾದ ಹೆಸರು ‘ಸಂತೋಷ’ ಎಂಬ ಅರ್ಥದ ಗ್ರೀಕ್ ಮೂಲದ ಯೂಫ್ರಾಜೀ. ತಾಯಿ ಮುದ್ದಿನಿಂದ ಕರೆದ ಹೆಸರೇ ಕೃತಿಯಲ್ಲೂ ಓದುಗರಲ್ಲೂ ಉಳಿಯಿತು. ಆದರೆ ಪುಸ್ತಕವೋ ಹಾಡೋ ಒಂದು ಹೆಸರನ್ನು ಶೂನ್ಯದಿಂದ ಜನಪ್ರಿಯಗೊಳಿಸುವುದು ಅಪರೂಪ. ಝಿಲ್ಬೆರ್ ಬೆಕೋ 1964ರಲ್ಲಿ ಹಾಡಿದ ‘ನತಾಲೀ’ ಗೀತೆ ಅದಾಗಲೇ ಏರುತ್ತಿದ್ದ ಹೆಸರನ್ನೇ ಎತ್ತಿಕೊಂಡಿತ್ತು.

ಕಾನೂನಿನ ಹತೋಟಿ

1539ರ ವಿಲೆರ್-ಕೊತ್ರೆ ರಾಜಶಾಸನ ದೀಕ್ಷಾಸ್ನಾನದ ದಾಖಲೆಯನ್ನು ಇಡುವಂತೆ ಪಾದ್ರಿಗಳಿಗೆ ವಿಧಿಸಿತು. 1792ರ ಸೆಪ್ಟೆಂಬರ್ 20ರ ಕಾನೂನು ಜನನ ದಾಖಲೆಯನ್ನು ಚರ್ಚಿನಿಂದ ನಗರಸಭೆಗೆ ವರ್ಗಾಯಿಸಿತು. ಕ್ರಾಂತಿಯ ವರ್ಷಗಳಲ್ಲಿ ಸಂತರ ಹೆಸರುಗಳನ್ನು ಬಿಟ್ಟು, ಗಿಡಮರ ಹೂಹಣ್ಣುಗಳ ಹೆಸರನ್ನು ದಿನಗಳಿಗೆ ಕೊಟ್ಟಿದ್ದ ಗಣರಾಜ್ಯದ ಪಂಚಾಂಗದಿಂದ ಹೆಸರುಗಳನ್ನು ಆರಿಸಿದವರಿದ್ದರು. ಈ ಸ್ವೇಚ್ಛೆಗೆ ತಡೆಯೊಡ್ಡಿ 1803ರ ಏಪ್ರಿಲ್ 1ರ ಕಾನೂನು, ಬಳಕೆಯಲ್ಲಿರುವ ಪಂಚಾಂಗಗಳ ಹೆಸರುಗಳು ಮತ್ತು ಪ್ರಾಚೀನ ಇತಿಹಾಸದ ಪ್ರಸಿದ್ಧ ವ್ಯಕ್ತಿಗಳ ಹೆಸರುಗಳು ಇವಿಷ್ಟನ್ನು ಮಾತ್ರ ನೋಂದಾಯಿಸಬೇಕೆಂದು ವಿಧಿಸಿತು. ಆದುದರಿಂದ ಬ್ರೆತೋನ್ ಹೆಸರುಗಳನ್ನು ದಾಖಲಿಸಲು ಅಧಿಕಾರಿಗಳು ನಿರಾಕರಿಸಿದ ಪ್ರಕರಣಗಳು 20ನೆಯ ಶತಮಾನದ ನಡುವಿನವರೆಗೂ ನಡೆದವು. 1966ರ ಏಪ್ರಿಲ್ 12ರ ಸರ್ಕಾರಿ ಸೂಚನೆ ಪ್ರಾಂತೀಯ, ಪೌರಾಣಿಕ ಮತ್ತು ವಿದೇಶೀ ಹೆಸರುಗಳಿಗೂ ಕೆಲವು ಮುದ್ದಿನ ರೂಪಗಳಿಗೂ ಅವಕಾಶ ಕೊಟ್ಟಿತು.

1980ರ ದಶಕದಲ್ಲಿ ಒಂದು ದಂಪತಿ ಮಗಳಿಗೆ ‘ಫ್ಲರ್ ದ ಮರೀ’, ಅಂದರೆ ಮರಿಯಳ ಹೂವು, ಎಂಬ ಹೆಸರಿಡಲು ಬಯಸಿದರು. ಅದು ಯೂಝೆನ್ ಸ್ಯೂ ಬರೆದ 1840ರ ದಶಕದ ಜನಪ್ರಿಯ ಧಾರಾವಾಹಿ ಕಾದಂಬರಿಯ ನಾಯಕಿಯ ಹೆಸರು. ಫ್ರೆಂಚ್ ನ್ಯಾಯಾಲಯಗಳು ಅದನ್ನು ಒಪ್ಪದೆ ‘ಫ್ಲರ್-ಮರೀ’ ಎಂಬ ರೂಪಕ್ಕೆ ಮಾತ್ರ ಸಮ್ಮತಿಸಿದವು. 1996ರ ಅಕ್ಟೋಬರ್‌ನಲ್ಲಿ ಸ್ತ್ರಾಸ್‌ಬೂರ್‌ನ ಯುರೋಪಿಯನ್ ಮಾನವಹಕ್ಕುಗಳ ನ್ಯಾಯಾಲಯ, ಹೆಸರು ಖಾಸಗಿ ಜೀವನಕ್ಕೆ ಸೇರಿದ ವಿಷಯವೆಂದು ಒಪ್ಪಿಕೊಂಡರೂ, ಈ ಪ್ರಕರಣದಲ್ಲಿ ಹಕ್ಕಿನ ಉಲ್ಲಂಘನೆ ಆಗಿಲ್ಲವೆಂದು ತೀರ್ಪಿತ್ತಿತು. ಅಷ್ಟರಲ್ಲಿ ಫ್ರಾನ್ಸಿನ ಕಾನೂನೇ ಬದಲಾಗಿತ್ತು. 1993ರ ಜನವರಿ 8ರ ಕಾನೂನಿನ ಪ್ರಕಾರ ತಂದೆತಾಯಿ ತಮಗೆ ಬೇಕಾದ ಹೆಸರನ್ನು ಇಡಬಹುದು. ಮಗುವಿನ ಹಿತಕ್ಕೆ ಧಕ್ಕೆಯೆಂದು ತೋರಿದರೆ ನೋಂದಣಿ ಅಧಿಕಾರಿ ಸರ್ಕಾರಿ ಅಭಿಯೋಜಕರಿಗೆ ತಿಳಿಸಬೇಕು, ಕೊನೆಯ ನಿರ್ಧಾರ ನ್ಯಾಯಾಧೀಶರದು. 2014ರಲ್ಲಿ ವಲಾನ್ಸಿಯೆನ್ ನಗರದ ನ್ಯಾಯಾಲಯ ‘ನುಟೆಲ್ಲಾ’ ಎಂಬ ಹೆಸರನ್ನು ತಿರಸ್ಕರಿಸಿ ಮಗುವನ್ನು ಎಲ್ಲಾ ಎಂದು ಕರೆಯಬೇಕೆಂದು ಆದೇಶಿಸಿದ್ದು ಈ ಅಧಿಕಾರದ ಬಳಕೆಗೆ ಉದಾಹರಣೆ. 2016ರ ನವೆಂಬರ್‌ನ ಕಾನೂನಿನಿಂದ ಹೆಸರು ಬದಲಾವಣೆಯ ಅರ್ಜಿಯನ್ನೂ ನಗರಸಭೆಯ ಕಚೇರಿಯಲ್ಲಿಯೇ ಸಲ್ಲಿಸಬಹುದಾಗಿದೆ.

ತಲೆಮಾರುಗಳ ಹೆಸರುಗಳು

ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯಾದ ಇನ್ಸೆ 1900ರಿಂದ ಈಚಿನ ಹೆಸರುಗಳ ಕಡತವನ್ನು ನಿರ್ವಹಿಸುತ್ತಿರುವುದರಿಂದ ಹೆಸರುಗಳ ಏರಿಳಿತವನ್ನು ವರ್ಷವರ್ಷಕ್ಕೆ ಗುರುತಿಸಬಹುದು. 20ನೆಯ ಶತಮಾನದ ಆರಂಭದಲ್ಲಿ ಮರೀ, ಝಾನ್, ಮಾರ್ಗರೀತ್, ಝೆರ್ಮೆನ್, ಲೂಯೀಜ್ ಮುಂಚೂಣಿಯಲ್ಲಿದ್ದವು. 1930ರ ದಶಕದಲ್ಲಿ ಝಾಕ್ಲೀನ್ ಮತ್ತು ಮೊನೀಕ್, 1950ರ ದಶಕದಲ್ಲಿ ಮಾರ್ತೀನ್, ಬ್ರಿಝೀತ್ ಮತ್ತು ಶಾಂತಾಲ್, 1960ರ ದಶಕದಲ್ಲಿ ನತಾಲೀ, ಸಿಲ್ವೀ ಮತ್ತು ಇಜಬೆಲ್, 1970ರ ದಶಕದಲ್ಲಿ ಸ್ತೆಫಾನೀ ಮತ್ತು ಸಾಂದ್ರೀನ್, 1980ರ ದಶಕದಲ್ಲಿ ಒರೆಲೀ ಮತ್ತು ಎಮಿಲೀ ಜನಪ್ರಿಯವಾದವು. ಆದ್ದರಿಂದ ಹೆಸರನ್ನು ಕೇಳಿ ಮಹಿಳೆಯ ವಯಸ್ಸನ್ನು ಅಂದಾಜು ಮಾಡುವುದು ಫ್ರಾನ್ಸಿನಲ್ಲಿ ಕಷ್ಟವಲ್ಲ. ಅಜ್ಜಿಯ ಕಾಲದ್ದೆಂದು ಬಿಟ್ಟ ಹೆಸರು ಮೂರ್ನಾಲ್ಕು ತಲೆಮಾರು ಕಳೆದ ಮೇಲೆ ಮತ್ತೆ ಹೊಸದೆನಿಸುವುದೂ ಉಂಟು; ಲೂಯೀಜ್, ಅಲೀಸ್, ಝಾನ್ 21ನೆಯ ಶತಮಾನದಲ್ಲಿ ಹೀಗೆ ಹಿಂದಿರುಗಿವೆ.

ಈಚಿನ ದೊಡ್ಡ ಬದಲಾವಣೆ ಅರ್ಥದ್ದಲ್ಲ, ಧ್ವನಿಯದು. ಹಿಂದಿನ ಹೆಸರುಗಳು ವ್ಯಂಜನದಲ್ಲೋ ಈಕಾರದಲ್ಲೋ ಮುಗಿಯುತ್ತಿದ್ದರೆ, ಲೆಯಾ, ಎಮ್ಮಾ, ಲೀನಾ, ಮಿಲಾ ಮೊದಲಾದ ಆಕಾರಾಂತ ಚಿಕ್ಕ ಹೆಸರುಗಳು ಮೇಲೆ ಬಂದಿವೆ. ಸಾರಾ, ಇನೆಸ್, ಲೀನಾ, ಮಿರಿಯಾಮ್ ಎಂಬವು ಕ್ರೈಸ್ತ, ಯಹೂದಿ ಮತ್ತು ಉತ್ತರ ಆಫ್ರಿಕದಿಂದ ಬಂದ ಮುಸ್ಲಿಂ ಕುಟುಂಬಗಳಿಗೆಲ್ಲ ಒಗ್ಗುವುದರಿಂದ ಹರಡಿವೆ. ಬಹುಮೆಚ್ಚಿನ ಝಾದ್ ಹೆಸರು ಹಸಿರು ಶಿಲೆಯದು. ಮೂತ್ರಪಿಂಡದ ಬೇನೆಗೆ ಮದ್ದೆಂದು ನಂಬಲಾಗಿದ್ದ ಆ ಶಿಲೆಗೆ ಸ್ಪ್ಯಾನಿಷಿನಲ್ಲಿ ‘ಪಕ್ಕೆಯ ಕಲ್ಲು’ ಎಂದು ಹೆಸರಿದ್ದು, ಫ್ರೆಂಚರು ಆ ಶಬ್ದದ ಮೊದಲ ಸ್ವರವನ್ನು ತಮ್ಮ ಭಾಷೆಯ ಉಪಪದವೆಂದು ತಪ್ಪಾಗಿ ಬಿಡಿಸಿದ್ದರಿಂದ ಈಗಿನ ರೂಪ ಬಂದಿತು.

ಕರ್ನಾಟಕದ ಸಂಬಂಧ

ಕರಾವಳಿ ಕರ್ನಾಟಕದ ಕ್ಯಾಥೊಲಿಕರಲ್ಲಿ ಬಳಕೆಯಾಗುವ ಯುರೋಪಿಯನ್ ಹೆಸರುಗಳು ಬಹುಮಟ್ಟಿಗೆ ಪೋರ್ಚುಗೀಸರ ಮೂಲಕ ಬಂದವು. ಹಳೆಯ ಮೈಸೂರು ಸೀಮೆಯಲ್ಲಿ ಮಾತ್ರ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಪಾದ್ರಿಗಳು ಕೆಲಸ ಮಾಡಿದ್ದರಿಂದ ಫ್ರೆಂಚ್ ಭಕ್ತಿಪರಂಪರೆಯ ಪ್ರಭಾವ ನೇರವಾಗಿತ್ತು. ಫಿಲೋಮಿನಾ ಎಂಬ ಹೆಸರು ಇದಕ್ಕೆ ಸಾಕ್ಷಿ. 1802ರಲ್ಲಿ ರೋಮ್ ನಗರದ ನೆಲಮಾಳಿಗೆಯ ಸಮಾಧಿಯೊಂದರಲ್ಲಿ ‘ಪ್ರೀತಿಪಾತ್ರಳು’ ಎಂಬ ಅರ್ಥದ ಈ ಗ್ರೀಕ್ ಹೆಸರು ಕಾಣಸಿಕ್ಕಿತು. ಆರ್ಸ್ ಗ್ರಾಮದ ಪಾದ್ರಿ ಝಾಂ-ಮರೀ ವಿಯಾನೆ (1786–1859) ಆ ಸಂತಳ ಭಕ್ತನಾಗಿದ್ದುದರಿಂದ 19ನೆಯ ಶತಮಾನದ ಫ್ರಾನ್ಸಿನಲ್ಲಿ ಫಿಲೊಮೆನ್ ಎಂಬ ರೂಪದಲ್ಲಿ ಅದು ಹಬ್ಬಿತು. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು. 1961ರಲ್ಲಿ ರೋಮನ್ ಚರ್ಚು ಈ ಸಂತಳ ಹಬ್ಬವನ್ನು ಆರಾಧನಾ ಪಂಚಾಂಗಗಳಿಂದ ತೆಗೆದುಹಾಕಿತು. ಫ್ರಾನ್ಸಿನಲ್ಲಿ ಹಳೆಯ ಕಾಲದ್ದೆನಿಸಿದ ಈ ಹೆಸರು ಮೈಸೂರು ಮತ್ತು ಪುತ್ತೂರಿನ ಕಾಲೇಜುಗಳ ಹೆಸರುಗಳಲ್ಲಿಯೂ ಕನ್ನಡನಾಡಿನ ಕ್ಯಾಥೊಲಿಕ್ ಮನೆಗಳಲ್ಲಿಯೂ ಬಳಕೆಯಲ್ಲಿದೆ.